ಮುತ್ತಜ್ಜನನ್ನು ಎಲ್ಲಿ ಹುಡುಕುವುದು? ಪಹಣಿಯಿಂದ ಹೆಳವರವರೆಗೆ

ಅಪ್ಪನ ಹೆಸರು ಗೊತ್ತು, ಅಜ್ಜನ ಹೆಸರೂ ಗೊತ್ತು. ಮುತ್ತಜ್ಜನದು? ತಿಥಿ ಮಾಡುವ ಮನೆಗಳಲ್ಲಾದರೆ ಪುರೋಹಿತರು ಕೇಳುತ್ತಾರೆ ಅನ್ನೋ ಕಾರಣಕ್ಕಾದರೂ ಮೂರು ತಲೆಮಾರು ಬಾಯಿಗೆ ಬರುತ್ತದೆ. ಉಳಿದವರಲ್ಲಿ ಬಹಳಷ್ಟು ಜನ ಅಜ್ಜನ ಹತ್ತಿರವೇ ನಿಂತುಬಿಡುತ್ತಾರೆ. ಅಲ್ಲಿಂದ ಹಿಂದಕ್ಕೆ ಹೋಗೋಣ ಅಂತ ಹೊರಟವರು ಮೊದಲು ಮಾಡುವ ಕೆಲಸ ಗೂಗಲ್‌ನಲ್ಲಿ ಅಜ್ಜನ ಹೆಸರು ಟೈಪ್ ಮಾಡುವುದು. ಏನೂ ಸಿಗುವುದಿಲ್ಲ. ಆಮೇಲೆ ಜನನ ಪ್ರಮಾಣಪತ್ರ ಕೇಳಿಕೊಂಡು ಪಂಚಾಯ್ತಿಗೆ ಹೋಗುತ್ತಾರೆ. ಅಲ್ಲೂ ಸಿಗುವುದಿಲ್ಲ.

ಇಂಗ್ಲೆಂಡಿನ ಚರ್ಚುಗಳಲ್ಲಿ 1538ರಿಂದಲೇ ದೀಕ್ಷಾಸ್ನಾನ, ಮದುವೆ, ಸಮಾಧಿಯ ಲೆಕ್ಕ ಬರೆದಿಡುವ ಪದ್ಧತಿ ಇತ್ತು. ಹುಟ್ಟಿದ ಪ್ರತಿಯೊಬ್ಬರಿಗೂ ಒಂದು ಸಾಲು. ನಮ್ಮ ಕಡೆ ಯಾರೂ ಹಾಗೆ ಬರೆಯಲಿಲ್ಲ. ಆಳುವವರಿಗೆ ಬೇಕಿದ್ದದ್ದು ಕಂದಾಯ. ಈ ಹೊಲಕ್ಕೆ ದುಡ್ಡು ಕಟ್ಟುವವನು ಯಾರು, ಅವನು ಸತ್ತರೆ ಮುಂದೆ ಯಾರು ಕಟ್ಟುತ್ತಾರೆ, ಅಷ್ಟು ಗೊತ್ತಾದರೆ ಸಾಕಾಗಿತ್ತು. ಹಾಗಾಗಿ ಇಲ್ಲಿ ಹೆಸರು ಹಿಡಿದು ಹುಡುಕಿದರೆ ದಾರಿ ತಪ್ಪುತ್ತದೆ. ಜಮೀನು ಹಿಡಿದು ಹುಡುಕಬೇಕು. ಮತ್ತೊಂದು ಮಾತು: ಸಾವು, ಪಾಲು, ಸಾಲ, ಜಗಳ ಆದಾಗ ಮಾತ್ರ ಮನೆಯವರ ವಿವರ ಕಾಗದಕ್ಕೆ ಇಳಿಯುತ್ತಿತ್ತು. ಅಣ್ಣತಮ್ಮಂದಿರು ಹೊಡೆದಾಡಿಕೊಂಡ ಮನೆಯ ಇತಿಹಾಸ ಚೆನ್ನಾಗಿ ಸಿಗುತ್ತದೆ. ನೆಮ್ಮದಿಯಾಗಿ ಬದುಕಿದವರದ್ದೇ ಕಷ್ಟ.

ಕಚೇರಿಗೆ ಹೋಗುವ ಮೊದಲು ಮನೆಯಲ್ಲೇ ಒಂದಿಷ್ಟು ಕೆಲಸ ಇದೆ. ಹಳೇ ಟ್ರಂಕಿನಲ್ಲಿ ಕಂದಾಯದ ರಸೀದಿ, ಸೊಸೈಟಿ ಸಾಲದ ಕಾಗದ, ಜಾತಕ, ಮದುವೆಯ ಲಗ್ನಪತ್ರಿಕೆ ಇರುತ್ತವೆ. ಎಲ್ಲವನ್ನೂ ಫೋಟೊ ತೆಗೆದಿಟ್ಟುಕೊಳ್ಳಿ. ಹಿರಿಯರ ಹತ್ತಿರ ಕೂತಾಗ 'ನಿಮ್ಮಜ್ಜನ ಹೆಸರೇನು' ಅಂತ ನೇರವಾಗಿ ಕೇಳಿದರೆ 'ನೆನಪಿಲ್ಲ ಕಣಪ್ಪಾ' ಅನ್ನುತ್ತಾರೆ. 'ನಮಗೆ ಯಾರ್‍ಯಾರ ಮನೆ ಸೂತಕ ಬರುತ್ತೆ?' ಅಂತ ಕೇಳಿ ನೋಡಿ. ಮೂರ್ನಾಲ್ಕು ಮನೆಗಳ ಹೆಸರು ಸರಾಗವಾಗಿ ಬರುತ್ತದೆ. ಅವರು ನಿಮ್ಮ ದಾಯಾದಿಗಳು. ಸಂಬಂಧ ಹೇಗೆ ಅಂತ ಇಬ್ಬರಿಗೂ ಮರೆತುಹೋಗಿದ್ದರೂ ಸೂತಕ ಮರೆತಿರುವುದಿಲ್ಲ. ಇನ್ನೊಂದು ಪ್ರಶ್ನೆ ಮನೆದೇವರದು. ತುಮಕೂರು ಕಡೆಯ ಮನೆಯವರು ವರ್ಷಕ್ಕೊಮ್ಮೆ ಬಳ್ಳಾರಿ ಕಡೆಯ ಯಾವುದೋ ಊರಿನ ದೇವರಿಗೆ ಹೋಗಿಬರುತ್ತಾರೆ ಅಂದರೆ ಆ ದಿಕ್ಕಿನಿಂದ ಯಾವತ್ತೋ ಗುಳೆ ಬಂದಿರುವ ಸಾಧ್ಯತೆ ಜಾಸ್ತಿ. ಹೊಲಗಳ ಹೆಸರೂ ಕೇಳಿಕೊಳ್ಳಿ: ಹುಣಸೇಮರದ ಹೊಲ, ಕೆರೆ ಕೆಳಗಿನ ಗದ್ದೆ, ತೋಟಿ ಮಾನ್ಯ. ಇವೇ ಆಮೇಲೆ ಸರ್ವೆ ನಂಬರುಗಳಾಗಿ ಎದುರಾಗುತ್ತವೆ.

ಪಹಣಿಯಿಂದ ಹಿಂದಕ್ಕೆ

ಸರ್ವೆ ನಂಬರು ಕೈಗೆ ಬಂದರೆ ಪಹಣಿ, ಅಂದರೆ ಜಮೀನು ಯಾರದು ಅಂತ ತೋರಿಸುವ ಕಂದಾಯ ದಾಖಲೆ, ತೆಗೆಯಬಹುದು. ಬೆಳಗಾವಿ, ಧಾರವಾಡದ ಕಡೆ ಇದನ್ನೇ ಉತಾರ ಅನ್ನುತ್ತಾರೆ. ನಮಗೆ ಬೇಕಾದ್ದು ಎರಡು ಕಾಲಂ. ಒಂಬತ್ತರಲ್ಲಿ ಸ್ವಾಧೀನದಾರರ ಹೆಸರು, ತಂದೆಯ ಹೆಸರು ಇರುತ್ತದೆ. ಹತ್ತರಲ್ಲಿ ಆ ಜಮೀನು ಅವರಿಗೆ ಹೇಗೆ ಬಂತು ಅಂತ ಇರುತ್ತದೆ. ಕ್ರಯವೋ, ವಿಭಾಗವೋ, ಪೌತಿಯೋ (ತೀರಿಕೊಂಡವರಿಂದ ವಾರಸುದಾರರಿಗೆ ಬಂದದ್ದು), ಜೊತೆಗೆ ಒಂದು ಎಂ.ಆರ್. ನಂಬರು. ಎಂ.ಆರ್. ಅಂದರೆ ಮ್ಯುಟೇಶನ್ ರಿಜಿಸ್ಟರ್, ಖಾತೆ ಬದಲಾವಣೆಯ ಪುಸ್ತಕ. ಬಹಳ ಜನ ಪಹಣಿಯಲ್ಲಿ ಹೆಸರು ನೋಡಿ ಮಡಚಿಡುತ್ತಾರೆ. ನಿಜವಾದ ಮಾಲು ಇರುವುದು ಈ ನಂಬರಿನ ಹಿಂದೆ.

ಪೌತಿ ಖಾತೆಯ ಎಂ.ಆರ್. ನಕಲು ತೆಗೆದರೆ ಇಂಥವರು ತೀರಿಕೊಂಡಿದ್ದರಿಂದ ಇಂಥ ವಾರಸುದಾರರ ಹೆಸರಿಗೆ ಖಾತೆ ಮಾಡಲಾಗಿದೆ ಅಂತ ಇರುತ್ತದೆ. ಎಷ್ಟೋ ಕಡೆ ತೀರಿಕೊಂಡ ದಿನಾಂಕವೂ ಇರುತ್ತದೆ. ಮಗ ಚಿಕ್ಕವನಾಗಿದ್ದರೆ 'ಮೈನರ್, ಗಾರ್ಡಿಯನ್ ತಾಯಿ' ಅಂತ ಬರೆದು ತಾಯಿಯ ಹೆಸರು ಹಾಕಿರುತ್ತಾರೆ. ಇದೊಂದೇ ಸಾಲಿನಿಂದ ಅಪ್ಪ ಸತ್ತಾಗ ಮಗನಿಗೆ ಹದಿನೆಂಟು ತುಂಬಿರಲಿಲ್ಲ ಅಂತ ಗೊತ್ತಾಗುತ್ತದೆ. ಅಮ್ಮನ ಹೆಸರು ಸಿಗುತ್ತದೆ. ಮಗ ಹುಟ್ಟಿದ ವರ್ಷವನ್ನೂ ಹೆಚ್ಚುಕಡಿಮೆ ಅಂದಾಜು ಮಾಡಬಹುದು.

ಭೂಮಿ ಯೋಜನೆಯಲ್ಲಿ ಪಹಣಿಗಳು ಕಂಪ್ಯೂಟರಿಗೆ ಹೋದದ್ದು 2000ದ ಆಸುಪಾಸಿನಲ್ಲಿ. ಆನ್‌ಲೈನ್‌ನಲ್ಲಿ ಸುಲಭವಾಗಿ ಸಿಗುವುದು ಅಲ್ಲಿಂದ ಈಚಿನದು. ಅದಕ್ಕೂ ಹಿಂದಿನ ಕೈಬರಹದ ಪಹಣಿಗೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮೇ ಗತಿ. ಈಗ ಭೂ ಸುರಕ್ಷಾ ಯೋಜನೆಯಲ್ಲಿ ಆ ಹಳೇ ಕಡತಗಳನ್ನೂ ಸ್ಕ್ಯಾನ್ ಮಾಡುತ್ತಿದ್ದಾರೆ. ಹಳೇ ಮೈಸೂರು ಭಾಗದವರು ಐ.ಎಲ್. (ಇಂಡೆಕ್ಸ್ ಆಫ್ ಲ್ಯಾಂಡ್ಸ್) ಮತ್ತು ಆರ್.ಆರ್. (ರೆಕಾರ್ಡ್ ಆಫ್ ರೈಟ್ಸ್) ನಕಲು ಕೇಳಬೇಕು. ಐ.ಎಲ್. ಅನ್ನುವುದು ಸರ್ವೆ ನಂಬರಿನ ಪ್ರಕಾರ ಇರುವ ಸೂಚಿ. ಅದು ತೋರಿಸುವ ಆರ್.ಆರ್. ಪುಟದಲ್ಲಿ ಹಕ್ಕುದಾರನ ಹೆಸರು, ಹಕ್ಕು ಬಂದ ಬಗೆ ಇರುತ್ತದೆ. ಆಕಾರಬಂದ್ ತೆಗೆಸಿ ಅಂತ ಯಾರಾದರೂ ಹೇಳಿದರೆ ಈ ಕೆಲಸಕ್ಕೆ ಅದು ಅಷ್ಟಾಗಿ ಬರುವುದಿಲ್ಲ. ಅದರಲ್ಲಿ ವಿಸ್ತೀರ್ಣ, ಖರಾಬು, ಕಂದಾಯ ಇರುತ್ತದೆ, ಹೆಸರಿರುವುದಿಲ್ಲ. ಒಂದು ಎಚ್ಚರಿಕೆ: ಇವತ್ತಿನ 45/3 ಅಜ್ಜನ ಕಾಲದಲ್ಲಿ ಬರೀ 45 ಆಗಿರಬಹುದು. ಪೋಡಿ ಆದಾಗ, ಅಂದರೆ ಜಮೀನನ್ನು ಅಳೆದು ತುಂಡು ಮಾಡಿದಾಗ, ನಂಬರು ಒಡೆಯುತ್ತದೆ. ಹಳೇ ಪುಸ್ತಕದಲ್ಲಿ ಮೂಲ ನಂಬರನ್ನೇ ನೋಡಬೇಕು.

ಎಷ್ಟು ಹಿಂದಕ್ಕೆ ಹೋಗಬಹುದು ಅನ್ನುವುದು ನಿಮ್ಮ ಊರು ಯಾರ ಕೈಯಲ್ಲಿತ್ತು ಅನ್ನುವುದರ ಮೇಲೆ ನಿಂತಿದೆ. 1956ರ ನವೆಂಬರ್ 1ಕ್ಕೆ ಮುಂಚೆ ನಾವು ಮೈಸೂರು, ಮುಂಬೈ, ಹೈದರಾಬಾದ್, ಮದ್ರಾಸು, ಕೊಡಗು ಅಂತ ಹಂಚಿಹೋಗಿದ್ದೆವು. ಒಂದೊಂದು ಕಡೆ ಒಂದೊಂದು ಪದ್ಧತಿ. ಮೈಸೂರಿನಲ್ಲಿ ಕಂದಾಯದ ಸರ್ವೆ ಶುರುವಾದದ್ದು 1863ರಲ್ಲಿ. ಮುಂಬೈ ಕರ್ನಾಟಕದಲ್ಲಿ ಅದಕ್ಕೂ ಮೊದಲು, 1840ರ ದಶಕದಲ್ಲೇ ಆಗಿತ್ತು. ಅಲ್ಲಿನ ಹಳೇ ಕಾಗದಗಳು ಮರಾಠಿಯಲ್ಲಿ, ಅದೂ ಮೋಡಿ ಲಿಪಿಯಲ್ಲಿ ಇರಬಹುದು. ಕಲಬುರಗಿ, ಬೀದರ್, ರಾಯಚೂರು ಕಡೆ ಉರ್ದು. ಕುಟುಂಬದವರು ಸೇರಿ ಹುಡುಕುವುದರ ಲಾಭ ಇಲ್ಲೇ ಕಾಣುತ್ತದೆ. ಒಬ್ಬರಿಗೆ ಉರ್ದು ಬರುತ್ತದೆ, ಇನ್ನೊಬ್ಬರಿಗೆ ತಾಲ್ಲೂಕು ಕಚೇರಿ ಗುಮಾಸ್ತರ ಪರಿಚಯ ಇರುತ್ತದೆ.

ಬಸಪ್ಪ ಬಿನ್ ಸಿದ್ದಪ್ಪ, ಸಿದ್ದಪ್ಪ ಬಿನ್ ಬಸಪ್ಪ

ಒಂದು ಕಾಲ್ಪನಿಕ ಉದಾಹರಣೆ ತೆಗೆದುಕೊಳ್ಳೋಣ. 2001ರ ಪಹಣಿಯಲ್ಲಿ 'ಬಸಪ್ಪ ಬಿನ್ ಸಿದ್ದಪ್ಪ', ಅಂದರೆ ಸಿದ್ದಪ್ಪನ ಮಗ ಬಸಪ್ಪ, ಅಂತ ಇದೆ. ಎಂ.ಆರ್. ತೆಗೆದರೆ ಅವನಿಗೆ ಬಂದದ್ದು 'ಸಿದ್ದಪ್ಪ ಬಿನ್ ಬಸಪ್ಪ' ತೀರಿಕೊಂಡ ಮೇಲೆ. ಆರ್.ಆರ್. ಪುಟದಲ್ಲಿ ಮತ್ತೆ 'ಬಸಪ್ಪ ಬಿನ್ ಸಿದ್ದಪ್ಪ'. ತಲೆ ಕೆಡುತ್ತದೆ ಅಲ್ವಾ? ಮೊದಲ ಮಗನಿಗೆ ಅಜ್ಜನ ಹೆಸರಿಡುವ ಪದ್ಧತಿ ಇರುವ ಮನೆಗಳಲ್ಲಿ ಹೀಗೇ ಆಗುತ್ತದೆ. ಎರಡೇ ಹೆಸರು ನೂರು ವರ್ಷ ಒಂದಾದ ಮೇಲೊಂದು ಬರುತ್ತಿರುತ್ತದೆ. ಇನ್ನೂ ಕಷ್ಟದ್ದು ಏನೆಂದರೆ ಹಿರಿಯ ಬಸಪ್ಪನಿಗೆ ಮೂರು ಜನ ಗಂಡುಮಕ್ಕಳಿದ್ದರೆ ಮೂವರೂ ತಮ್ಮ ಮೊದಲ ಮಗನಿಗೆ ಅಪ್ಪನ ಹೆಸರನ್ನೇ ಇಡುತ್ತಾರೆ. ಒಂದೇ ಊರಿನಲ್ಲಿ, ಒಂದೇ ಕಾಲದಲ್ಲಿ ಮೂವರು ಬಸಪ್ಪಂದಿರು.

ಬಿಡಿಸಿಕೊಳ್ಳಲು ನೆರವಾಗುವುದು ಚೆಕ್ಕುಬಂದಿ. ನೋಂದಣಿಯಾದ ಯಾವುದೇ ಪತ್ರದ ಷೆಡ್ಯೂಲಿನಲ್ಲಿ ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಓಣಿ, ಉತ್ತರಕ್ಕೆ ಹಳ್ಳ, ದಕ್ಷಿಣಕ್ಕೆ ಇಂಥವರ ಜಮೀನು ಅಂತ ಬರೆದಿರುತ್ತಾರೆ. ಒಂದು ಹೊಲ ಅಣ್ಣತಮ್ಮಂದಿರಲ್ಲಿ ಪಾಲಾದರೆ ಪಕ್ಕದ ತುಂಡು ಅಣ್ಣನದೋ ತಮ್ಮನದೋ ಆಗುತ್ತದೆ. ಅಂದರೆ ಚೆಕ್ಕುಬಂದಿಯಲ್ಲಿ ಬರುವ ಪಕ್ಕದ ಹೊಲದವನು ಬಹಳ ಸಲ ದಾಯಾದಿಯೇ. 45/1, 45/2, 45/3ರ ಮೂರೂ ಎಂ.ಆರ್.ಗಳನ್ನು ಒಟ್ಟಿಗೆ ಹರಡಿಕೊಂಡು ಕೂತರೆ ಯಾವ ಬಸಪ್ಪ ಯಾರ ಮಗ ಅನ್ನುವುದು ತಾನಾಗಿ ಬೇರೆಬೇರೆಯಾಗುತ್ತದೆ. 'ದೊಡ್ಡ', 'ಸಣ್ಣ', 'ಉರುಫ್', 'ಯಾನೆ' ಅಂತ ಸೇರಿಸಿದ್ದನ್ನು ಬಿಡದೆ ಬರೆದುಕೊಳ್ಳಿ. ಅದು ಗುಮಾಸ್ತ ಸುಮ್ನೆ ಬರೆದದ್ದಲ್ಲ. ಅವನಿಗೂ ಇದೇ ತಲೆನೋವು ಇತ್ತು.

ಪಾಲುಪತ್ರ ಸಿಕ್ಕರೆ ಅದೃಷ್ಟ. ಪಾರೀಖತ್ತು, ವಿಭಾಗಪತ್ರ, ಹೆಸರು ಏನೇ ಇರಲಿ, ಅದರಲ್ಲಿ ಮನೆಯ ಗಂಡಸರೆಲ್ಲ ಸಾಲಾಗಿ ಬರುತ್ತಾರೆ. ಯಾರಿಗೆ ಯಾವ ಹೊಲ, ಯಾರಿಗೆ ಪಡಸಾಲೆ, ಕೆಲವೊಮ್ಮೆ ಯಾರಿಗೆ ತಾಮ್ರದ ಹಂಡೆ ಅನ್ನುವುದೂ ಇರುತ್ತದೆ. ಇದನ್ನು ಹುಡುಕಬೇಕಾದ ಜಾಗ ಉಪನೋಂದಣಿ ಕಚೇರಿ. ಅಲ್ಲಿ ಹೆಸರಿನ ಸೂಚಿ ಬೇರೆ, ಆಸ್ತಿಯ ಸೂಚಿ ಬೇರೆ ಇರುತ್ತದೆ. ಜಗಳ ಕೋರ್ಟಿಗೆ ಹೋಗಿದ್ದರೆ ಇನ್ನೂ ಒಳ್ಳೆಯದು. ಪಾಲಿನ ದಾವೆಗೆ ವಂಶವೃಕ್ಷ ಬರೆದುಕೊಡಲೇಬೇಕು. ಎದುರು ಪಾರ್ಟಿ ಅದನ್ನು ತಪ್ಪು ಅನ್ನುತ್ತಾನೆ, ಸಾಕ್ಷಿ ಹೇಳುವವರು ತಮಗೆ ಗೊತ್ತಿದ್ದದ್ದನ್ನು ಹೇಳುತ್ತಾರೆ. ಇಷ್ಟು ಉಜ್ಜಿ ನೋಡಿದ ವಂಶವೃಕ್ಷ ಬೇರೆಲ್ಲೂ ಸಿಗುವುದಿಲ್ಲ.

ಇದರ ಎದುರು ನಾಡಕಚೇರಿಯಲ್ಲಿ ಕೊಡುವ ವಂಶವೃಕ್ಷ ಪ್ರಮಾಣಪತ್ರವನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಅದು ಅರ್ಜಿದಾರರು ಕೊಟ್ಟ ಹೇಳಿಕೆ ಮತ್ತು ಸ್ಥಳೀಯ ವಿಚಾರಣೆಯ ಮೇಲೆ ಆಗುವ ಕಾಗದ. ಆಸ್ತಿಯ ಕೆಲಸಕ್ಕೆ ಬೇಕಾದಷ್ಟೇ ತಲೆಮಾರು ಇರುತ್ತದೆ. ಯಾರನ್ನು ಬಿಟ್ಟರೆ ಅನುಕೂಲವೋ ಅವರು ಬಿಟ್ಟುಹೋಗಿರುವುದೂ ಉಂಟು.

ವರ್ಷದ ಲೆಕ್ಕ

ಎಷ್ಟೋ ಹಳೇ ಕಾಗದಗಳಲ್ಲಿ ಇಸವಿ ಇರುವುದಿಲ್ಲ, ಫಸಲಿ ಅನ್ನುವ ಕಂದಾಯದ ವರ್ಷ ಇರುತ್ತದೆ. ಮದ್ರಾಸು ಕಡೆಯ ಕಾಗದವಾದರೆ ಫಸಲಿಗೆ 590 ಕೂಡಿಸಿ. ಫಸಲಿ 1350 ಅಂದರೆ 1940ರ ಜುಲೈಯಿಂದ 1941ರ ಜೂನ್‌ವರೆಗೆ. ಹೈದರಾಬಾದ್ ಕಡೆಯದಕ್ಕೂ ಲೆಕ್ಕ ಹೆಚ್ಚುಕಡಿಮೆ ಇದೇ, ತಿಂಗಳು ಮಾತ್ರ ಬೇರೆ. ಜಾತಕದಲ್ಲಿ, ಹಳೇ ಪತ್ರಗಳಲ್ಲಿ ಸಂವತ್ಸರದ ಹೆಸರು ಬರುತ್ತದೆ. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮರಳುವುದರಿಂದ 'ಧಾತು ಸಂವತ್ಸರ' ಅಂದರೆ 1876-77 ಇರಬಹುದು, 1936-37 ಇರಬಹುದು. ಯಾವುದು ಅಂತ ಬೇರೊಂದು ಸುಳಿವಿನಿಂದ ತೀರ್ಮಾನ ಮಾಡಬೇಕು. ಮನೆಯವರು 'ಧಾತು ಈಶ್ವರದ ಬರದಲ್ಲಿ ಊರು ಬಿಟ್ಟು ಬಂದೆವು' ಅನ್ನುತ್ತಿದ್ದರೆ ಅನುಮಾನವೇ ಬೇಡ. ಅದು 1876ರಿಂದ 78ರವರೆಗಿನ ಮಹಾ ಬರ. ಮೈಸೂರು ಸೀಮೆಯಲ್ಲಿ ಲಕ್ಷಗಟ್ಟಲೆ ಜನ ಸತ್ತ ಕಾಲ ಅದು, ಊರಿಗೆ ಊರೇ ಖಾಲಿಯಾದದ್ದೂ ಆಗಲೇ. ಬೆಂಗಳೂರಿಗೆ ಪ್ಲೇಗ್ ಬಂದದ್ದು 1898ರಲ್ಲಿ, ಇನ್‌ಫ್ಲುಯೆಂಜಾ ಬಂದದ್ದು 1918ರಲ್ಲಿ. 'ಪ್ಲೇಗಿನ ವರ್ಷ ಹುಟ್ಟಿದವನು' ಅನ್ನುವಂಥ ಮಾತುಗಳನ್ನು ಹಗುರವಾಗಿ ನೋಡಬೇಡಿ. ಪ್ಲೇಗ್ ಮಾತ್ರ ಊರೂರಿಗೆ ಬೇರೆ ಬೇರೆ ವರ್ಷ ಬಂದಿತ್ತು, ನಿಮ್ಮ ಊರಿನದನ್ನು ವಿಚಾರಿಸಿಕೊಳ್ಳಬೇಕು.

ಹೆಂಗಸರು ಎಲ್ಲಿದ್ದಾರೆ?

ಇಲ್ಲಿಯವರೆಗೆ ಬಂದ ಹೆಸರುಗಳನ್ನು ನೋಡಿ. ಬಹುತೇಕ ಎಲ್ಲ ಗಂಡಸರೇ. ಹೆಂಗಸು ಪಹಣಿಗೆ ಬರುವುದು ಗಂಡ ಸತ್ತ ಮೇಲೆ, 'ಲಕ್ಷ್ಮಮ್ಮ ಕೋಂ (ಹೆಂಡತಿ) ಸಿದ್ದಪ್ಪ' ಅಂತ. ಅವಳ ಅಪ್ಪ ಯಾರು, ಯಾವ ಊರಿನವಳು ಅನ್ನುವುದು ಅಲ್ಲಿರುವುದಿಲ್ಲ. ಅದು ಬೇಕಾದರೆ ಅವಳ ತವರಿನ ಜಮೀನಿನ ಕಾಗದ ನೋಡಬೇಕು. ಅಲ್ಲಿ ಹುಡುಕಬೇಕಾದದ್ದು ಹಕ್ಕು ಬಿಡುಗಡೆ ಪತ್ರ. ಅಕ್ಕತಂಗಿಯರು ಅಣ್ಣತಮ್ಮಂದಿರಿಗೆ ಆಸ್ತಿ ಬಿಟ್ಟುಕೊಟ್ಟು ಹೆಬ್ಬೆಟ್ಟು ಒತ್ತಿದ ಕಾಗದ. ಅದರಲ್ಲಿ ಅಪ್ಪನ ಹೆಸರು, ಗಂಡನ ಹೆಸರು, ವಯಸ್ಸು, ಗಂಡನ ಊರು ಎಲ್ಲಾ ಒಂದೇ ಕಡೆ ಇರುತ್ತದೆ. ತನ್ನ ಪಾಲು ಬಿಟ್ಟುಕೊಡುವ ಹೊತ್ತಿಗೆ ಮಾತ್ರ ಅವಳ ಪೂರ್ತಿ ಗುರುತು ಸರ್ಕಾರಕ್ಕೆ ಬೇಕಾಯಿತು. ಓದುವಾಗ ಹೊಟ್ಟೆ ಚುರ್ ಅನ್ನುತ್ತದೆ, ಆದರೆ ಅಜ್ಜಿಯ ಕಡೆಯ ಬೇರು ಹಿಡಿಯುವವರಿಗೆ ಅದಕ್ಕಿಂತ ಒಳ್ಳೆಯ ಕಾಗದ ಇಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಅಂತ 1994ರಲ್ಲಿ ರಾಜ್ಯದ ತಿದ್ದುಪಡಿ, 2005ರಲ್ಲಿ ಕೇಂದ್ರದ ತಿದ್ದುಪಡಿ ಬಂದ ಮೇಲೆ ಹೆಣ್ಣುಮಕ್ಕಳ ಹೆಸರು ಕಾಗದಗಳಲ್ಲಿ ಜಾಸ್ತಿ ಕಾಣಿಸುತ್ತದೆ.

ತುಳುನಾಡಿನ ಅಳಿಯಸಂತಾನದ ಮನೆಗಳಲ್ಲಿ ಲೆಕ್ಕವೇ ಉಲ್ಟಾ. ಅಲ್ಲಿ ಕುಟುಂಬ ನಡೆಯುವುದು ಅಮ್ಮ, ಅಮ್ಮನ ಅಮ್ಮ ಹೀಗೆ. ಯಜಮಾನಿಕೆ ಮಾವನಿಂದ ಸೋದರಳಿಯನಿಗೆ ಹೋಗುತ್ತಿತ್ತು. ಅಪ್ಪನಿಂದ ಮಗನಿಗೆ ಅಂತ ಊಹಿಸಿಕೊಂಡು ಅಲ್ಲಿನ ಹಳೇ ವರ್ಗದ (ಜಮೀನಿನ ಹಿಡುವಳಿಯ) ಕಾಗದ ಓದಿದರೆ ಮೊದಲ ಹೆಜ್ಜೆಯಲ್ಲೇ ಬೇರೆ ಮನೆಗೆ ಹೋಗಿಬಿಡುತ್ತೀರಿ. ಪಾಲು ಆಗುತ್ತಿದ್ದದ್ದೂ 'ಕವರು' ಲೆಕ್ಕದಲ್ಲಿ, ಅಂದರೆ ಒಬ್ಬ ಹೆಂಗಸು ಮತ್ತು ಅವಳ ಹೆಣ್ಣು ಸಂತತಿಯ ಕವಲುಗಳಲ್ಲಿ. ಹಾಗಾಗಿ ಆ ಮನೆಗಳ ಪಾಲುಪತ್ರದಲ್ಲಿ ಅಜ್ಜಿಯರ ಹೆಸರು ಸಾಲುಸಾಲಾಗಿ ಸಿಗುತ್ತದೆ. ಘಟ್ಟದ ಮೇಲಿನವರಿಗೆ ಈ ಭಾಗ್ಯ ಇಲ್ಲ.

ಜಮೀನೇ ಇರಲಿಲ್ಲ ಅಂದರೆ

ನ್ಯಾಯವಾದ ಪ್ರಶ್ನೆ. ಜಮೀನಿನ ಹಿಂದೆ ಹೋಗಿ ಅನ್ನುವುದು ಜಮೀನಿದ್ದವರಿಗೆ ಹೇಳಿದ ಮಾತು. ಆದರೂ ದಾರಿಗಳಿವೆ. ಗೇಣಿಗೆ ಮಾಡುತ್ತಿದ್ದವರ ಹೆಸರು 1974ರಲ್ಲಿ ದೊಡ್ಡ ಸಂಖ್ಯೆಯಲ್ಲಿ ಕಾಗದಕ್ಕೆ ಬಂತು. ಭೂ ಸುಧಾರಣೆ ಕಾಯ್ದೆಯ ತಿದ್ದುಪಡಿ ಆ ವರ್ಷ ಮಾರ್ಚ್ 1ರಿಂದ ಜಾರಿಯಾದ ಮೇಲೆ ಗೇಣಿದಾರರು ಫಾರಂ ನಂಬರ್ 7ರಲ್ಲಿ ಅರ್ಜಿ ಕೊಟ್ಟರು. ಭೂ ನ್ಯಾಯಮಂಡಳಿ ವಿಚಾರಣೆ ಮಾಡಿತು. ಯಾವಾಗಿನಿಂದ ಗೇಣಿ, ಅದಕ್ಕೂ ಮುಂಚೆ ಯಾರು ಉಳುತ್ತಿದ್ದರು, ಗೇಣಿ ಎಷ್ಟು ಮುಡಿ ಅಕ್ಕಿ ಅನ್ನುವಂಥ ಹೇಳಿಕೆಗಳು ಆ ಫೈಲುಗಳಲ್ಲಿ ಇರುತ್ತವೆ. ಕರಾವಳಿ, ಮಲೆನಾಡಿನವರು ಇದನ್ನು ಬಿಡಲೇಬಾರದು.

ತೋಟಿ, ತಳವಾರ, ನೀರುಗಂಟಿ ಹೀಗೆ ಊರಿನ ಚಾಕರಿ ಮಾಡುತ್ತಿದ್ದ ಮನೆಗಳಿಗೆ ಅದಕ್ಕೆ ಪ್ರತಿಯಾಗಿ ಇನಾಂ ಜಮೀನು ಇರುತ್ತಿತ್ತು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಬಂದ ಮೇಲೆ ಆ ಜಮೀನುಗಳನ್ನು ಆ ಮನೆಯವರಿಗೇ ಮರುಮಂಜೂರು ಮಾಡಿದರು. ದರಖಾಸ್ತಿನಲ್ಲಿ, ಅಂದರೆ ಸರ್ಕಾರದ ಮಂಜೂರಾತಿಯಲ್ಲಿ, ಜಮೀನು ಸಿಕ್ಕಿದ ದಲಿತ ಕುಟುಂಬವಾದರೆ ಮಂಜೂರಾತಿಯ ಕಾಗದವಾದ ಸಾಗುವಳಿ ಚೀಟಿ ನೋಡಿ. ಆ ಜಮೀನು ಕೈತಪ್ಪಿ, ಇಂಥ ಮಂಜೂರಿ ಜಮೀನಿನ ಪರಭಾರೆಯನ್ನು ತಡೆಯುವ 1978ರ ಪಿ.ಟಿ.ಸಿ.ಎಲ್. ಕಾಯ್ದೆಯಲ್ಲಿ ವಾಪಸ್ ಕೇಳಿದ್ದರೆ ಉಪವಿಭಾಗಾಧಿಕಾರಿ ಕಚೇರಿಯಲ್ಲಿ ಫೈಲ್ ಇರುತ್ತದೆ. ಮೂಲ ಮಂಜೂರಿದಾರನ ವಾರಸುದಾರರು ನಾವೇ ಅಂತ ತೋರಿಸಲು ಅಲ್ಲಿ ವಂಶಾವಳಿ ಕೊಟ್ಟಿರುತ್ತಾರೆ.

ಶಾಲೆಯ ದಾಖಲಾತಿ ರಿಜಿಸ್ಟರ್ ಎಲ್ಲ ಜಾತಿಯವರಿಗೂ ಉಪಯೋಗ. ಹಳೇ ಶಾಲೆಯಾದರೆ ಅಜ್ಜ ಒಂದನೇ ಕ್ಲಾಸಿಗೆ ಸೇರಿದ ದಿನ, ಅಪ್ಪನ ಹೆಸರು, ಕಸುಬು ಸಿಗಬಹುದು. ಹುಟ್ಟಿದ ದಿನಾಂಕವನ್ನು ಮಾತ್ರ ನಂಬಬೇಡಿ. ಮೇಷ್ಟ್ರು ಅಂದಾಜಿಗೆ ಬರೆದದ್ದು. ಅರ್ಧ ಊರು ಜೂನ್ 1ಕ್ಕೆ ಹುಟ್ಟಿರುತ್ತದೆ! ಜನನ ಮರಣ ರಿಜಿಸ್ಟರ್ ವಿಷಯದಲ್ಲಿ ನಿರೀಕ್ಷೆ ಕಡಿಮೆ ಇರಲಿ. ಇಡೀ ದೇಶಕ್ಕೆ ಒಂದೇ ಕಾಯ್ದೆ ಬಂದದ್ದೇ 1969ರಲ್ಲಿ. ಅದಕ್ಕೂ ಹಿಂದಿನ ಪುಸ್ತಕಗಳಲ್ಲಿ ಎಷ್ಟೋ ಸಲ ಮಗುವಿಗೆ ಹೆಸರೇ ಇರುವುದಿಲ್ಲ. ಅಪ್ಪನ ಹೆಸರು, ಪಕ್ಕದಲ್ಲಿ 'ಗಂಡು' ಅಥವಾ 'ಹೆಣ್ಣು', ಅಷ್ಟೇ.

ಕ್ರೈಸ್ತ ಕುಟುಂಬಗಳಿಗೆ ಇಂಗ್ಲೆಂಡಿನವರ ಹಾಗೇ ಚರ್ಚಿನ ಪುಸ್ತಕಗಳಿವೆ. ಕೆನರಾ ಕಥೋಲಿಕರಿಗೆ ಮಾತ್ರ 1784 ಒಂದು ಗೋಡೆ. ಟಿಪ್ಪು ಈ ಕಥೋಲಿಕರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದಾಗ ಚರ್ಚುಗಳೂ ಹಾಳಾದವು, ಜನ ಮರಳಿದ್ದು 1799ರ ನಂತರ. ಬಾಸೆಲ್ ಮಿಶನ್ ಮಂಗಳೂರಿಗೆ ಬಂದದ್ದು 1834ರಲ್ಲಿ, ಅದರ ದಾಖಲೆಗಳ ದೊಡ್ಡ ಭಂಡಾರ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿದೆ. ಬೆಂಗಳೂರು ದಂಡು, ಕೋಲಾರದ ಚಿನ್ನದ ಗಣಿಯ ಆಂಗ್ಲೋ ಇಂಡಿಯನ್ ಮನೆತನಗಳವರು ಲಂಡನ್ನಿನ ಬ್ರಿಟಿಷ್ ಲೈಬ್ರರಿಯನ್ನು ನೋಡಬೇಕು. ಮದ್ರಾಸು ಪ್ರಾಂತ್ಯದ ಚರ್ಚುಗಳು ಲಂಡನ್ನಿಗೆ ಕಳಿಸುತ್ತಿದ್ದ ದಾಖಲೆಗಳ ಪ್ರತಿಗಳು ಈಗ ಅಲ್ಲಿವೆ.

ಹೆಳವರು ಬಂದಾಗ

ಕಾಗದಕ್ಕೂ ಹಿಂದೆ ಹೋಗಬೇಕಾದರೆ ಉತ್ತರ ಮತ್ತು ಮಧ್ಯ ಕರ್ನಾಟಕದವರಿಗೆ ಹೆಳವರು ಇದ್ದಾರೆ. ಒಕ್ಕಲು ಮನೆತನಗಳ ವಂಶಾವಳಿ ನೆನಪಿಟ್ಟು ಹೇಳುವುದು, ಬರೆದಿಡುವುದು ಇವರ ಕುಲಕಸುಬು. ಹಿಂದೆ ಎತ್ತಿನ ಮೇಲೆ ಗಂಟೆ ಬಾರಿಸಿಕೊಂಡು ಬರುತ್ತಿದ್ದರು. ಲಿಂಗಾಯತ, ಕುರುಬ, ರಡ್ಡಿ ಹೀಗೆ ಹಲವು ಜಾತಿಗಳ ಮನೆತನಗಳು ಇವರಿಗೆ ಒಕ್ಕಲು. ಯಾವ ಹೆಳವರಿಗೆ ಯಾವ ಮನೆತನ ಅನ್ನುವುದೂ ಹಂಚಿಕೆಯಾಗಿರುತ್ತದೆ. ಸುಗ್ಗಿ ಮುಗಿದ ಮೇಲೆ ಬಂದು ಅಂಗಳದಲ್ಲಿ ನಿಂತು ನಿಮ್ಮ ಬೆಡಗು (ಕುಲದ ಕವಲು) ಯಾವುದು, ಮೂಲಪುರುಷ ಯಾರು, ಯಾವ ಊರಿನಿಂದ ಯಾವ ಊರಿಗೆ ಬಂದರು, ಯಾರಿಗೆ ಎಷ್ಟು ಗಂಡುಮಕ್ಕಳು ಅಂತ ಒಂದೇ ಉಸಿರಿಗೆ ಹೇಳುತ್ತಾರೆ. ಹೊಸದಾಗಿ ಹುಟ್ಟಿದವರ ಹೆಸರು ಬರೆದುಕೊಳ್ಳುತ್ತಾರೆ. ಕಾಳುಕಡಿಯೋ ದುಡ್ಡೋ ತೆಗೆದುಕೊಂಡು ಹೋಗುತ್ತಾರೆ. ಊರು ಬಿಟ್ಟು ಬೆಂಗಳೂರು ಸೇರಿದವರಿಗೆ ಇವರು ಸಿಗುವುದಿಲ್ಲ. ಊರಲ್ಲಿರುವ ದೊಡ್ಡಪ್ಪನಿಗೆ ಹೇಳಿಟ್ಟಿರಬೇಕು, ಬಂದಾಗ ಫೋನ್ ಮಾಡಿ ಅಂತ.

ಹೆಳವರು ಹೇಳಿದ್ದನ್ನು ಹೇಗೆ ನಂಬುವುದು? ನನ್ನ ಲೆಕ್ಕ ಹೀಗೆ: ಈಚಿನ ನಾಲ್ಕೈದು ತಲೆಮಾರನ್ನು ಎಂ.ಆರ್., ಆರ್.ಆರ್. ಜೊತೆ ಹೋಲಿಸಿ ನೋಡಿ. ಅದು ಸರಿಹೊಂದಿದರೆ ಅದಕ್ಕೂ ಹಿಂದಿನ ಹೆಸರುಗಳನ್ನು ಗೌರವದಿಂದ ಬರೆದಿಟ್ಟುಕೊಳ್ಳಬಹುದು. ಆದಿಯಲ್ಲಿ ಬರುವ ಮೂಲಪುರುಷನ ಕಥೆಯನ್ನು ಕಥೆಯಾಗಿಯೇ ಇಡಿ. ಅಲ್ಲಿಂದ ನೇರವಾಗಿ ಚಾಲುಕ್ಯರಿಗೋ ವಿಜಯನಗರದ ದಳವಾಯಿಗೋ ದಾರ ಎಳೆಯುವ ಚಟ ಬೇಡ. ಕಾಶಿ, ಗಯಾ, ತ್ರ್ಯಂಬಕೇಶ್ವರದ ಪುರೋಹಿತರ ಪುಸ್ತಕಗಳದ್ದು ಬೇರೆ ಸ್ವಭಾವ. ಅಲ್ಲಿಗೆ ಹೋದ ಯಾತ್ರಿಕ ತನ್ನ ಊರು, ಮನೆಯವರ ಹೆಸರು ತಾನೇ ಹೇಳಿ ಬರೆಸಿರುತ್ತಾನೆ. ಕೆಲವೊಮ್ಮೆ ಅವನ ಸಹಿಯೇ ಇರುತ್ತದೆ. ಆದರೆ ಯಾತ್ರೆಗೆ ಹೋಗುವಷ್ಟು ಅನುಕೂಲ ಇದ್ದವರು ಮಾತ್ರ ಅಲ್ಲಿ ಸಿಗುತ್ತಾರೆ.

ಸೇರಿ ಹುಡುಕುವಾಗ

ಈ ಕೆಲಸ ಒಬ್ಬರಿಂದ ಆಗುವಂಥದ್ದಲ್ಲ. ದಾಯಾದಿಗಳ ಮನೆಯಲ್ಲಿ ನಿಮ್ಮಲ್ಲಿಲ್ಲದ ಕಾಗದ ಇರುತ್ತದೆ. ಜಮೀನಿನ ಕಾಗದ ಕೇಳಿದರೆ 'ಇವನಿಗೆ ಯಾಕೆ ಬೇಕು?' ಅನ್ನುವ ಅನುಮಾನ ಬಂದೇ ಬರುತ್ತದೆ. ಮೊದಲು ನಿಮ್ಮ ಹತ್ತಿರ ಇರುವುದನ್ನು ಅವರಿಗೆ ಕೊಡಿ. ಅವರ ಅಜ್ಜನ ಹೆಸರಿರುವ ಎಂ.ಆರ್. ನಕಲನ್ನು ಕೈಗಿಟ್ಟರೆ ಮಾತು ಶುರುವಾಗುತ್ತದೆ. ಕೋರ್ಟಿನಲ್ಲಿ ಕೇಸು ನಡೆಯುತ್ತಿದ್ದರೆ ಸದ್ಯಕ್ಕೆ ಆ ಮನೆ ಬಿಟ್ಟುಬಿಡುವುದು ವಾಸಿ.

ಕೂಡಿಸಿಡುವುದಕ್ಕೆ ಫ್ಯಾಮಿಲಿಸರ್ಚ್, ಗ್ರ್ಯಾಂಪ್ಸ್ ಎರಡೂ ಉಚಿತ. ಮೊದಲನೆಯದು ಆನ್‌ಲೈನ್, ಅಲ್ಲಿ ಎಲ್ಲರೂ ಸೇರಿ ಒಂದೇ ಮರ ಕಟ್ಟುತ್ತಾರೆ. ಎರಡನೆಯದು ನಿಮ್ಮ ಕಂಪ್ಯೂಟರಿನಲ್ಲೇ ಇರುತ್ತದೆ. ವಾಟ್ಸ್ಆ್ಯಪ್ ಗುಂಪು ಮಾತಿಗೆ ಸಾಕು, ದಾಖಲೆ ಇಡಲು ಆಗುವುದಿಲ್ಲ. ಎಲ್ಲಿಟ್ಟರೂ ಪ್ರತಿ ಹೆಸರಿನ ಪಕ್ಕ ಅದು ಎಲ್ಲಿಂದ ಬಂತು ಅಂತ ಬರೆಯಿರಿ: ಯಾವ ಎಂ.ಆರ್. ನಂಬರು, ಯಾವ ವರ್ಷ, ಅಥವಾ ಯಾವ ಅತ್ತೆ ಹೇಳಿದ್ದು. ಹೀಗೆ ಬರೆಯದಿದ್ದರೆ ಒಬ್ಬರ ಊಹೆಯನ್ನು ಹತ್ತು ಜನ ನಕಲು ಮಾಡಿಕೊಳ್ಳುತ್ತಾರೆ. ಆಮೇಲೆ ಬಂದವನಿಗೆ ಹತ್ತು ಸಾಕ್ಷಿ ಇದ್ದ ಹಾಗೆ ಕಾಣುತ್ತದೆ. ಎರಡು ಮನೆಯವರು ಎರಡು ಥರ ಹೇಳಿದರೆ ಎರಡನ್ನೂ ಇಟ್ಟುಕೊಳ್ಳಿ.

ಹುಡುಕುತ್ತಾ ಹೋದರೆ ದತ್ತು ಬಂದವರು, ಎರಡನೇ ಸಂಸಾರ, ಮನೆಯವರು ಹೆಸರೇ ಎತ್ತದ ಒಬ್ಬ ಅತ್ತೆ ಸಿಕ್ಕೇ ಸಿಗುತ್ತಾರೆ. ಅದನ್ನು ನೇರವಾಗಿ ಗುಂಪಿಗೆ ಹಾಕಬೇಡಿ, ಮೊದಲು ಆ ಕವಲಿನವರನ್ನು ಕೇಳಿ. ಬದುಕಿರುವವರ ಹುಟ್ಟಿದ ದಿನ, ವಿಳಾಸ, ತಾಯಿಯ ತವರಿನ ಹೆಸರು ಎಲ್ಲರಿಗೂ ಕಾಣುವ ಮರದಲ್ಲಿ ಇರುವುದು ಬೇಡ. ಆಧಾರ್ ನಂಬರು ಇರುವ ಈಚಿನ ಕಾಗದಗಳನ್ನು ಹಂಚಿಕೊಳ್ಳುವ ಮೊದಲು ಆ ನಂಬರನ್ನು ಅಳಿಸಿಬಿಡಿ.